ವಾಯುಪಡೆ ಇರುವಾಗ ನೌಕಾಪಡೆಗೆ ಬೇರೆ ವಿಮಾನ ಯಾಕೆ?

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಭಾಲ್ಕಿ ಕಡೆಯವನು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬೀದರ್‌ನಲ್ಲಿ ವಾಯುಪಡೆ ಇದೆ, ದಿನಾ ಜೆಟ್ ನೋಡುತ್ತೇವೆ. ಹೀಗಿರುವಾಗ ನೌಕಾಪಡೆಗೆ ಬೇರೆ ಯುದ್ಧವಿಮಾನ ಯಾಕೆ ಬೇಕು? 26 ರಫೇಲ್‌ಗೆ 63 ಸಾವಿರ ಕೋಟಿ ಅಂದರೆ ಒಂದಕ್ಕೆ ಹತ್ತಿರ ಹತ್ತಿರ ಎರಡೂವರೆ ಸಾವಿರ ಕೋಟಿ ಆಯ್ತು. ಚೀನಾಕ್ಕೆ ಮೂರು ವಿಮಾನವಾಹಕ ಹಡಗು ಇವೆ, ನಮಗೆ ಎರಡು. ಮೂರನೆಯದು ಕಟ್ಟಿದರೆ ಸರಿಹೋಗುತ್ತದಾ? ಇನ್ನೊಂದು ಮಾತು: ನನ್ನ ತಂಗಿ ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ನೌಕಾಪಡೆಯ ಪೈಲಟ್ ಆಗಬೇಕು ಅಂತಾಳೆ. ಹೆಣ್ಣುಮಕ್ಕಳಿಗೆ ಅವಕಾಶ ಇದೆಯಾ?

ಉತ್ತರ: ತಂಗಿಯ ವಿಷಯ ಕೊನೆಗೆ ಹೇಳುತ್ತೇನೆ, ಅದನ್ನು ಅವಳಿಗೇ ಓದಿಸಿ. ಮೊದಲು ದುಡ್ಡಿನ ಲೆಕ್ಕ ಮುಗಿಸೋಣ.

ನಿಮ್ಮ ಭಾಗಾಕಾರ ಸರಿ ಇದೆ. ಆದರೆ ಅದು ಬರೀ ವಿಮಾನದ ಬೆಲೆ ಅಲ್ಲ. 2025ರ ಏಪ್ರಿಲ್ 28ರಂದು ಫ್ರಾನ್ಸ್ ಜೊತೆ ಸಹಿ ಆದ ಒಪ್ಪಂದದಲ್ಲಿ ಒಂದು ಸೀಟಿನ 22, ಎರಡು ಸೀಟಿನ 4 ವಿಮಾನ ಇವೆ. ಎರಡು ಸೀಟಿನವು ತರಬೇತಿಗೆ. ಇವುಗಳ ಜೊತೆ ಆಯುಧ, ಸಿಮ್ಯುಲೇಟರ್, ಬಿಡಿಭಾಗ, ಪೈಲಟ್ ಮತ್ತು ತಂತ್ರಜ್ಞರ ತರಬೇತಿ, ಕೆಲವು ವರ್ಷಗಳ ನಿರ್ವಹಣೆ ಎಲ್ಲ ಸೇರಿದೆ. ವಾಯುಪಡೆ ಮೊದಲೇ 36 ರಫೇಲ್ ಕೊಂಡಿತ್ತು, ಹಾಗಾಗಿ ಎರಡು ಪಡೆಗೂ ಬಿಡಿಭಾಗ, ರಿಪೇರಿ ವ್ಯವಸ್ಥೆ ಹಂಚಿಕೊಳ್ಳುವ ಅನುಕೂಲ ಇದೆ. ಹಾಗಂತ ಅಗ್ಗ ಅಂತ ನಾನು ಹೇಳುವುದಿಲ್ಲ. ದುಬಾರಿಯೇ. ಬರುವುದು 2028ರಿಂದ, ಪೂರ್ತಿ ಕೈಗೆ ಸಿಗುವುದು 2030ರ ಹೊತ್ತಿಗೆ.

ಈಗ ಮುಖ್ಯ ಪ್ರಶ್ನೆ. ಬೀದರ್ ಆಕಾಶದಲ್ಲಿ ನೀವು ನೋಡುವ ಜೆಟ್ ಬಹುಪಾಲು ಹಾಕ್. ಯುದ್ಧವಿಮಾನದ ಪೈಲಟ್ ಆಗುವವರು ಕಲಿಯುವ ವಿಮಾನ ಅದು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳೂ ಅವೇ. ನೌಕಾಪಡೆಯೂ 17 ಹಾಕ್ ಕೊಂಡಿದೆ, ಅವು ವಿಶಾಖಪಟ್ಟಣದ ಐಎನ್‌ಎಸ್ ಡೇಗಾ ಎಂಬ ನೌಕಾ ವಿಮಾನ ನೆಲೆಯಲ್ಲಿವೆ. ಅಂದರೆ ಎರಡೂ ಪಡೆಯವರ ಅಕ್ಷರಾಭ್ಯಾಸ ಒಂದೇ. ದಾರಿ ಬೇರೆ ಆಗುವುದು ಆಮೇಲೆ, ಹಡಗಿನ ಮೇಲೆ ಇಳಿಯುವಾಗ.

ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ 3 ಕಿ.ಮೀ.ಗಿಂತ ಉದ್ದ. ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ಹಡಗು ತಲೆಯಿಂದ ಬಾಲದವರೆಗೆ 262 ಮೀಟರ್. ಅದರಲ್ಲಿ ಓಡಿ ಮೇಲೇಳಲು ಸಿಗುವ ಜಾಗ 200 ಮೀಟರ್ ಆಸುಪಾಸು. ಹಡಗಿನ ಮೂತಿ ಇಳಿಜಾರಿನಂತೆ ಮೇಲಕ್ಕೆ ಬಾಗಿರುತ್ತದೆ, ವಿಮಾನ ಅದರ ಮೇಲೆ ಓಡಿ ಗಾಳಿಗೆ ಚಿಮ್ಮುತ್ತದೆ. ಇಳಿಯುವುದು ಇನ್ನೂ ಕಷ್ಟ. ಗಂಟೆಗೆ 240 ಕಿ.ಮೀ. ವೇಗದಲ್ಲಿ ಬಂದ ವಿಮಾನ ಬಾಲದ ಕೊಕ್ಕೆಯಿಂದ ಡೆಕ್ (ಹಡಗಿನ ಮೇಲ್ಭಾಗ) ಮೇಲಿನ ಉಕ್ಕಿನ ಹಗ್ಗ ಹಿಡಿದು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲಬೇಕು. ಚಕ್ರ ಡೆಕ್ ಮುಟ್ಟಿದ ಕೂಡಲೇ ಪೈಲಟ್ ಎಂಜಿನ್ ಪೂರ್ತಿ ಜೋರು ಮಾಡುತ್ತಾನೆ. ಓದಿದವರಿಗೆ ತಿರುವುಮುರುವು ಅನ್ನಿಸಬಹುದು. ಆದರೆ ಕೊಕ್ಕೆಗೆ ಹಗ್ಗ ಸಿಗದಿದ್ದರೆ ಮತ್ತೆ ಮೇಲೇಳಬೇಕಲ್ವಾ? ಅದಕ್ಕೆ. ಈ ಏಟು ತಡೆಯಲು ಕಾಲು ಗಟ್ಟಿ ಇರಬೇಕು, ಬೆನ್ನು ಗಟ್ಟಿ ಇರಬೇಕು, ಉಪ್ಪು ಗಾಳಿಗೆ ತುಕ್ಕು ಹಿಡಿಯಬಾರದು. ವಾಯುಪಡೆಯ ರಫೇಲ್ ತಂದು ಹಡಗಿಗೆ ಇಳಿಸಲು ಆಗದೇ ಇರುವುದು ಈ ಕಾರಣಕ್ಕೆ.

ಹಾಗಾದರೆ ವಾಯುಪಡೆಗೆ ಸಮುದ್ರದಲ್ಲಿ ಕೆಲಸ ಇಲ್ಲವಾ? ಇದೆ, ಚೆನ್ನಾಗಿಯೇ ಇದೆ. ತಂಜಾವೂರಿನಲ್ಲಿ 2020ರಿಂದ ಬ್ರಹ್ಮೋಸ್ ಹೊತ್ತ ಸುಖೋಯ್-30 ದಳ ಇದೆ. ಜಾಮನಗರದ ಜಾಗ್ವಾರ್ ದಳಕ್ಕೆ ಹಡಗು ಹೊಡೆಯುವುದೇ ಕಸುಬು. 2024ರ ಮಾರ್ಚ್‌ನಲ್ಲಿ ಸೊಮಾಲಿ ಕಡಲ್ಗಳ್ಳರು ಹಿಡಿದಿದ್ದ ರುಯೆನ್ ಎಂಬ ಹಡಗನ್ನು ಬಿಡಿಸಿದಾಗ ನೌಕಾಪಡೆಯ ಕಮಾಂಡೊಗಳನ್ನು ಸಮುದ್ರಕ್ಕೆ ಇಳಿಸಿದ್ದು ವಾಯುಪಡೆಯ ಸಿ-17 ವಿಮಾನ. 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಬದುಕಿ ಬಂದರು. ದಡದಿಂದ ಎದ್ದು, ಹೊಡೆದು, ವಾಪಸ್ ಬರುವ ಕೆಲಸಕ್ಕೆ ವಾಯುಪಡೆ ಸಾಕು.

ಸಾಕಾಗದೇ ಇರುವುದು ಕಾವಲಿಗೆ. ಹಡಗು ದಡದಿಂದ 1,500 ಕಿ.ಮೀ. ದೂರ ಇದೆ ಅಂದುಕೊಳ್ಳಿ. ದಡದಿಂದ ಹೊರಟ ಯುದ್ಧವಿಮಾನ ಅಲ್ಲಿಗೆ ಮುಟ್ಟಲು ಒಂದೂವರೆ, ಎರಡು ತಾಸು ಬೇಕು. ಹೋದರೂ ಅಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು, ಅದೂ ನಡುದಾರಿಯಲ್ಲಿ ಇಂಧನ ತುಂಬಿಸಿಕೊಂಡರೆ. ಇಂಧನ ತುಂಬಿಸಲು ವಾಯುಪಡೆ ಕೊಂಡಿದ್ದ ಇಲ್ಯುಷಿನ್-78 ವಿಮಾನ ಒಟ್ಟು 6. ಹಗಲು ರಾತ್ರಿ ಹಡಗಿನ ತಲೆ ಮೇಲೆ ಎರಡೇ ಎರಡು ವಿಮಾನ ಇರಬೇಕೆಂದರೂ ಹೋಗುವ ಜೋಡಿ, ಬರುವ ಜೋಡಿ, ಇಂಧನ ತುಂಬಿಸಿಕೊಳ್ಳುವ ಜೋಡಿ, ರಿಪೇರಿಯಲ್ಲಿರುವ ಜೋಡಿ ಅಂತ ಲೆಕ್ಕ ಏರುತ್ತಾ ಹೋಗುತ್ತದೆ. ಯುದ್ಧದ ಹೊತ್ತಿನಲ್ಲಿ ವಾಯುಪಡೆಗೆ ಪಂಜಾಬ್, ಲಡಾಖ್ ಬಿಟ್ಟು ಅಷ್ಟು ವಿಮಾನ ಸಮುದ್ರಕ್ಕೆ ಕಳಿಸಲು ಪುರುಸೊತ್ತು ಇರುತ್ತದಾ ಹೇಳಿ.

ಈ ಜಗಳ ಹೊಸದೇನಲ್ಲ. ಬ್ರಿಟಿಷರು 1918ರಲ್ಲಿ ನೌಕಾಪಡೆಯ ವಿಮಾನಗಳನ್ನು ವಾಯುಪಡೆಗೆ ಸೇರಿಸಿಬಿಟ್ಟರು. ಸುಮಾರು 20 ವರ್ಷ ಎಳೆದಾಡಿ 1937ರಲ್ಲಿ ವಾಪಸ್ ಕೊಡುವ ತೀರ್ಮಾನ ಮಾಡಿದರು. ನಮ್ಮಲ್ಲೂ ದೂರದ ಸಮುದ್ರ ಗಸ್ತು 1976ರವರೆಗೆ ವಾಯುಪಡೆಯ ಕೈಯಲ್ಲಿತ್ತು. ಆ ವರ್ಷ ಅದರ ಸೂಪರ್ ಕಾನ್ಸ್‌ಟಲೇಷನ್ ವಿಮಾನಗಳು ನೌಕಾಪಡೆಗೆ ಬಂದವು. ಹಡಗಿನವರಿಗೆ ಏನು ಬೇಕೆಂದು ಹಡಗಿನವರಿಗೇ ಗೊತ್ತಿರುತ್ತದೆ ಎಂಬುದು ಎರಡೂ ಕಡೆ ಕೊನೆಗೆ ಒಪ್ಪಿದ ಮಾತು. ನಾನು ನೌಕಾಪಡೆಯಲ್ಲಿ ಇದ್ದವನು, ಅದಕ್ಕೇ ಹೀಗೆ ಹೇಳುತ್ತೇನೆ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ.

ಈಗ ನನ್ನ ಪ್ರಕಾರ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರುತ್ತೇನೆ. ಅದು ಯುದ್ಧವಿಮಾನ ಅಲ್ಲ. ದೂರ ನೋಡುವ ಕಣ್ಣು.

ನಮ್ಮ ಕಡೆ ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ಮಂಚಿಗೆ ಹಾಕಿ, ಅದರ ಮೇಲೆ ಕವಣೆ ಹಿಡಿದು ನಿಲ್ಲುತ್ತಾರೆ. ನೆಲದ ಮೇಲೆ ನಿಂತರೆ ಕಾಣುವುದು ಮುಂದಿನ ಎರಡು ಸಾಲು. ಮೇಲೆ ಹತ್ತಿದರೆ ಇಡೀ ಹೊಲ. ರಾಡಾರ್ ಕಥೆಯೂ ಅಷ್ಟೇ. ಭೂಮಿ ದುಂಡಗಿದೆ, ರಾಡಾರ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ನೀರಿನಿಂದ 25 ಮೀಟರ್ ಎತ್ತರದಲ್ಲಿರುವ ಹಡಗಿನ ರಾಡಾರ್‌ಗೆ, ನೀರಿನ ಮೇಲೆ 5 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಕಾಣುವುದು ಸುಮಾರು 30 ಕಿ.ಮೀ. ಹತ್ತಿರ ಬಂದ ಮೇಲೆ. ಶಬ್ದಕ್ಕಿಂತ ಸ್ವಲ್ಪ ನಿಧಾನ ಹೋಗುವ ಕ್ಷಿಪಣಿ ಸೆಕೆಂಡಿಗೆ 300 ಮೀಟರ್ ಹೋಗುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು 100 ಸೆಕೆಂಡ್. ಬ್ರಹ್ಮೋಸ್‌ನಂಥ ವೇಗದ ಕ್ಷಿಪಣಿ ಅಷ್ಟೇ ತಗ್ಗಿನಲ್ಲಿ ಬಂದರೆ ಅರ್ಧ ನಿಮಿಷ. ಅದೇ ರಾಡಾರನ್ನು 8,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದಲ್ಲಿ ಇಟ್ಟರೆ ನೋಟ 350 ಕಿ.ಮೀ. ದಾಟುತ್ತದೆ. ಆಗ ಕ್ಷಿಪಣಿ ಬರುವವರೆಗೆ ಕಾಯಬೇಕಾಗಿಲ್ಲ. ಅದನ್ನು ಹೊತ್ತು ತರುವ ವಿಮಾನವನ್ನೇ ಅಡ್ಡ ಹಾಕಬಹುದು.

ಇದು ಪುಸ್ತಕದ ಮಾತಲ್ಲ. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಕ್ಕಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಹೊಡೆದಾಡಿದವು. ಬ್ರಿಟಿಷರ ಹತ್ತಿರ ಹರ್ಮಿಸ್ ಎಂಬ ವಿಮಾನವಾಹಕ ಇತ್ತು, ಅದರ ಮೇಲೆ ಒಳ್ಳೆಯ ಸೀ ಹ್ಯಾರಿಯರ್ ವಿಮಾನಗಳಿದ್ದವು. ಎತ್ತರದಿಂದ ನೋಡುವ ರಾಡಾರ್ ವಿಮಾನ ಮಾತ್ರ ಇರಲಿಲ್ಲ. ಮೇ 4ರಂದು ಅರ್ಜೆಂಟೀನಾದ ವಿಮಾನಗಳು ತಗ್ಗಿನಲ್ಲಿ ಬಂದು ಎಕ್ಸೊಸೆಟ್ ಕ್ಷಿಪಣಿ ಬಿಟ್ಟವು. ಶೆಫೀಲ್ಡ್ ಎಂಬ ಹಡಗಿಗೆ ಬೆಂಕಿ ಬಿತ್ತು, 20 ಜನ ಸತ್ತರು, ಕೆಲವು ದಿನದ ನಂತರ ಹಡಗೂ ಮುಳುಗಿತು. ಆಮೇಲೆ ಅವಸರದಲ್ಲಿ ಸೀ ಕಿಂಗ್ ಹೆಲಿಕಾಪ್ಟರ್‌ಗೆ ರಾಡಾರ್ ಕಟ್ಟಿದರು, ಅದು ತಲುಪುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಆ ಹರ್ಮಿಸ್ ಯಾವುದು ಗೊತ್ತಾ? 1987ರಿಂದ 2017ರವರೆಗೆ ನಮ್ಮ ಹತ್ತಿರ ಇದ್ದ ವಿರಾಟ್. ಆ ಹಡಗನ್ನು ಕೊಂಡವರಿಗೆ ಈ ಪಾಠವೂ ಅದರ ಜೊತೆಯಲ್ಲೇ ಬಂದಿತ್ತು.

ನಮ್ಮ ಹಡಗುಗಳಲ್ಲಿ ಈ ಕೆಲಸ ಮಾಡುವುದು ರಷ್ಯಾದ ಕಾಮೊವ್-31 ಹೆಲಿಕಾಪ್ಟರ್. ಒಳ್ಳೆಯದೇ, ಆದರೆ ಹೆಲಿಕಾಪ್ಟರ್ ಹೆಲಿಕಾಪ್ಟರೇ. ಜಾಸ್ತಿ ಎತ್ತರ ಏರಲ್ಲ, ಎರಡೂವರೆ ತಾಸಿನೊಳಗೆ ಇಳಿಯಬೇಕು. ಚೀನಾ 2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿಸಿದ ಮೂರನೇ ಹಡಗು ಫುಜಿಯಾನ್ ಬಗ್ಗೆ ಎಲ್ಲರೂ ಅದರ ಗಾತ್ರದ ಮಾತಾಡುತ್ತಾರೆ. 80 ಸಾವಿರ ಟನ್ ಆಸುಪಾಸು, ನಿಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ವಿದ್ಯುತ್ಕಾಂತೀಯ ಕವಣೆ. ಅದು ವಿಮಾನವನ್ನು ಎಳೆದು ಎಸೆಯುತ್ತದೆ. ಹಾಗಾಗಿ ರಾಡಾರ್ ಹೊತ್ತ ಕೆಜೆ-600 ಎಂಬ ಭಾರದ ವಿಮಾನವೂ ಆ ಡೆಕ್‌ನಿಂದ ಏಳುತ್ತದೆ. ನಮ್ಮ ಇಳಿಜಾರು ಮೂತಿಯ ಹಡಗಿನಿಂದ ಅಂಥ ವಿಮಾನ ಏಳಲ್ಲ. ಯುದ್ಧವಿಮಾನ ಕೂಡ ಪೂರ್ತಿ ಇಂಧನ, ಪೂರ್ತಿ ಆಯುಧ ಹೊತ್ತು ಏಳುವುದು ಕಷ್ಟ.

ಹಾಗಂತ ಫುಜಿಯಾನ್ ನಾಳೆ ಕಾರವಾರದ ಮುಂದೆ ಬಂದು ನಿಲ್ಲುತ್ತದೆ ಎಂದು ಟಿವಿಯವರ ಥರ ಹೆದರಬೇಕಾಗಿಲ್ಲ. ಚೀನಾದ ಈ ಹಡಗುಗಳ ಮೊದಲ ಕೆಲಸ ತೈವಾನ್ ಮತ್ತು ದಕ್ಷಿಣ ಚೀನಾ ಸಮುದ್ರದ ಕಡೆ. ಹಿಂದೂ ಮಹಾಸಾಗರಕ್ಕೆ ಬರಬೇಕೆಂದರೆ ಮಲಕ್ಕಾ, ಸುಂಡಾ, ಲೊಂಬಾಕ್ ಹೀಗೆ ಕಿರಿದಾದ ಬಾಗಿಲುಗಳಲ್ಲೇ ಬರಬೇಕು. ಮಲಕ್ಕಾದ ಬಾಗಿಲಿಗೆ ನಮ್ಮ ಗ್ರೇಟ್ ನಿಕೋಬಾರ್ ಎಷ್ಟು ಹತ್ತಿರ ಅಂದರೆ, ದ್ವೀಪದ ತುದಿಯಿಂದ ಸುಮಾತ್ರಾ 200 ಕಿ.ಮೀ.ಗಿಂತ ಕಡಿಮೆ. ಅಲ್ಲಿ ಕ್ಯಾಂಪ್‌ಬೆಲ್ ಬೇಯಲ್ಲಿ 2012ರಿಂದ ಐಎನ್‌ಎಸ್ ಬಾಜ್ ಎಂಬ ನೆಲೆ ಇದೆ. ಪಶ್ಚಿಮದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 2024ರಲ್ಲಿ ಐಎನ್‌ಎಸ್ ಜಟಾಯು ಬಂತು. ಮಾರಿಷಸ್‌ನ ಅಗಲೆಗಾ ದ್ವೀಪದಲ್ಲಿ ನಾವು ಕಟ್ಟಿಕೊಟ್ಟ ರನ್‌ವೇ ಅದೇ ವರ್ಷ ಉದ್ಘಾಟನೆ ಆಯಿತು. ಮುಳುಗದ ವಿಮಾನವಾಹಕ ಅಂದರೆ ಇವೇ. ಇವುಗಳ ರನ್‌ವೇ ಉದ್ದ ಮಾಡಿ, ಇಂಧನ ಟ್ಯಾಂಕ್, ಹ್ಯಾಂಗರ್ ಹಾಕಲು ಬೇಕಾಗುವ ದುಡ್ಡು ಒಂದು ಹೊಸ ಹಡಗಿನ ಮುಂದೆ ಏನೂ ಅಲ್ಲ.

ಚೀನಾ, ಪಾಕಿಸ್ತಾನ ಎರಡರಿಂದಲೂ ಈ ಹೊತ್ತಿಗೆ ನಿಜವಾದ ತಲೆನೋವು ನೀರಿನ ಕೆಳಗಿನದು. ಚೀನಾ ಪಾಕಿಸ್ತಾನಕ್ಕೆ 8 ಹೊಸ ಜಲಾಂತರ್ಗಾಮಿ ಕೊಡುತ್ತಿದೆ, ಅದರಲ್ಲಿ 4 ಕರಾಚಿಯಲ್ಲೇ ಕಟ್ಟುವ ಒಪ್ಪಂದ. ಅವುಗಳ ವರ್ಗಕ್ಕೆ ಇಟ್ಟ ಹೆಸರು ಹಂಗೋರ್. ಸುಮ್ನೆ ಇಟ್ಟ ಹೆಸರಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿದ್ದು ಹಂಗೋರ್ ಎಂಬ ಜಲಾಂತರ್ಗಾಮಿ. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಖುಕ್ರಿ ಜಲಾಂತರ್ಗಾಮಿ ಬೇಟೆಗೆಂದೇ ಮಾಡಿದ ಹಡಗು. ಆದರೆ ಅದರ ಮೇಲೆ ಹೆಲಿಕಾಪ್ಟರ್ ಇಳಿಯುವ ಜಾಗವೇ ಇರಲಿಲ್ಲ.

ಜಲಾಂತರ್ಗಾಮಿಗೆ ಹಡಗು ಕಂಡರೆ ಅಷ್ಟು ಭಯ ಇಲ್ಲ. ಹಡಗಿನ ಸದ್ದು ದೂರದಿಂದಲೇ ಕೇಳುತ್ತದೆ, ಅಡಗಬಹುದು, ತಿರುಗಿ ಹೊಡೆಯಬಹುದು. ಹೆಲಿಕಾಪ್ಟರ್ ಎಲ್ಲಿ ಬಂದು ಸೋನಾರ್ (ಸದ್ದಿನಿಂದ ನೀರಿನೊಳಗೆ ಹುಡುಕುವ ಯಂತ್ರ) ಇಳಿಬಿಡುತ್ತದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ತಿರುಗಿ ಹೊಡೆಯುವುದೂ ಕಷ್ಟ. ಇಷ್ಟು ಗೊತ್ತಿದ್ದೂ ನಮ್ಮ ಹೊಸ ಹೊಸ ಹಡಗುಗಳು ವರ್ಷಗಟ್ಟಲೆ ಹೆಲಿಕಾಪ್ಟರ್ ಕೊರತೆಯಲ್ಲೇ ಓಡಾಡಿದವು. ನನಗೆ ಇದರ ಬಗ್ಗೆ ಈಗಲೂ ಸಿಟ್ಟು ಬರುತ್ತದೆ. 2020ರಲ್ಲಿ ಅಮೆರಿಕದಿಂದ 24 ಎಂಎಚ್-60 ರೋಮಿಯೊ ಕೊಳ್ಳುವ ಒಪ್ಪಂದ ಆಯಿತು, ಮೊದಲ ದಳ 2024ರಲ್ಲಿ ಕೊಚ್ಚಿಯಲ್ಲಿ ಶುರುವಾಯಿತು. ಒಳ್ಳೆಯ ಯಂತ್ರ. ಆದರೆ 24 ಸಾಲದು.

ದೂರದ ಬೇಟೆಗೆ ಪಿ-8ಐ ಇದೆ. ಬೋಯಿಂಗ್ 737 ಪ್ರಯಾಣಿಕರ ವಿಮಾನದ ಒಡಲಲ್ಲಿ ರಾಡಾರ್, ಟಾರ್ಪೆಡೊ, ನೀರಿಗೆ ಎಸೆಯುವ ಸೋನಾರ್ ಬುರುಡೆಗಳನ್ನು ತುಂಬಿದ ವಿಮಾನ. ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿ ಇದರ ಮೊದಲ ಮನೆ. ಸುಮಾರು 2,200 ಕಿ.ಮೀ. ದೂರ ಹೋಗಿ, ಅಲ್ಲಿ ನಾಲ್ಕು ತಾಸು ಹುಡುಕಿ ವಾಪಸ್ ಬರುವ ತಾಕತ್ತು ಇದಕ್ಕಿದೆ. ಲಡಾಖ್‌ನಲ್ಲಿ ಬಿಕ್ಕಟ್ಟು ಬಂದಾಗ ಬೆಟ್ಟದ ಮೇಲೂ ಕಣ್ಣಿಡಲು ಇದನ್ನೇ ಕಳಿಸಿದ್ದರು. ನಮ್ಮ ಹತ್ತಿರ ಇರುವುದು 12. ರಿಪೇರಿ, ತರಬೇತಿ ಕಳೆದರೆ ಒಂದೇ ಸಲಕ್ಕೆ ಆಕಾಶದಲ್ಲಿ ಇರುವುದು ಎರಡೋ ಮೂರೋ ಎಂದಿಟ್ಟುಕೊಳ್ಳಿ. ಕಾಯಬೇಕಾದ ನೀರು? ನಮ್ಮ ಆರ್ಥಿಕ ಹಕ್ಕಿನ ಸಮುದ್ರವೇ 20 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ. 2024ರ ಅಕ್ಟೋಬರ್‌ನಲ್ಲಿ ಒಪ್ಪಂದ ಆದ 31 ಎಂಕ್ಯೂ-9ಬಿ ಡ್ರೋನ್‌ಗಳಲ್ಲಿ 15 ನೌಕಾಪಡೆಗೆ ಬರಲಿವೆ. ಅವು ದಿನಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತವೆ. ಮಾಮೂಲಿ ಗಸ್ತು ಅವು ಮಾಡಿದರೆ ಪಿ-8ಐ ಬರೀ ಬೇಟೆಗೆ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಮೂರನೇ ಹಡಗಿನ ಮಾತು. ಮೂರು ಬೇಕು ಎನ್ನುವವರ ವಾದ ಗಟ್ಟಿಯಾಗಿಯೇ ಇದೆ: ಒಂದು ಯಾವಾಗಲೂ ರಿಪೇರಿಯಲ್ಲಿ ಇರುತ್ತದೆ, ಎರಡು ಕರಾವಳಿಗೆ ಎರಡಾದರೂ ಸಿದ್ಧ ಇರಬೇಕು. ಹಡಗು ಕೆಲಸಕ್ಕೆ ಬರಲ್ಲ ಎಂದೂ ನಾನು ಹೇಳುತ್ತಿಲ್ಲ. 1971ರಲ್ಲಿ ಹಳೆಯ ವಿಕ್ರಾಂತ್ ಬಾಯ್ಲರ್ ಕೆಟ್ಟಿದ್ದರೂ ಬಂಗಾಳ ಕೊಲ್ಲಿಗೆ ಹೋಗಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ವಿಮಾನ ಕಳಿಸಿತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ಹೊತ್ತಿಗೆ ಹೊಸ ವಿಕ್ರಾಂತ್ ಅರಬ್ಬಿ ಸಮುದ್ರದ ಉತ್ತರಕ್ಕೆ ಹೋಗಿ ನಿಂತಿತ್ತು.

ಆದರೆ ಡೆಕ್ ಮೇಲೆ ನೋಡಿ. ಎರಡು ಹಡಗಿಗೂ ಸೇರಿ ಕೊಂಡದ್ದು ರಷ್ಯಾದ 45 ಮಿಗ್-29ಕೆ ಯುದ್ಧವಿಮಾನ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2016ರ ವರದಿ ಪ್ರಕಾರ ಅವುಗಳಲ್ಲಿ ಹಾರಲು ಸಿದ್ಧ ಇರುತ್ತಿದ್ದದ್ದು ಶೇ 16ರಿಂದ 38ರ ನಡುವೆ. ಒಳ್ಳೆಯ ದಿನದ ಲೆಕ್ಕ ಹಿಡಿದರೂ 45ರಲ್ಲಿ 17. ವರದಿ ಹಳೆಯದು, ಆಮೇಲೆ ಸುಧಾರಿಸಿದೆ ಎಂದು ನೌಕಾಪಡೆ ಹೇಳುತ್ತದೆ. ಆದರೂ ಕೆಲವು ಅಪಘಾತದಲ್ಲಿ ಹೋದವು, ಉಳಿದವಕ್ಕೆ ವಯಸ್ಸಾಗುತ್ತಿದೆ. 22 ರಫೇಲ್ ಬಂದರೆ ಒಂದು ಡೆಕ್ ತುಂಬಬಹುದು, ಎರಡು ತುಂಬಲ್ಲ. ನಮ್ಮದೇ ತೇಜಸ್‌ನ ನೌಕಾ ಮಾದರಿ 2020ರ ಜನವರಿಯಲ್ಲಿ ನಮ್ಮ ಇನ್ನೊಂದು ವಿಮಾನವಾಹಕ ವಿಕ್ರಮಾದಿತ್ಯದ ಮೇಲೆ ಇಳಿದು ಎದ್ದಿತು, ದೊಡ್ಡ ಸಾಧನೆ. ಆದರೆ ಒಂದೇ ಎಂಜಿನ್, ಹೊರೆ ಹೊರಲು ತಾಕತ್ತು ಸಾಲದು. ಎರಡು ಎಂಜಿನ್ನಿನ ವಿಮಾನದ ಕೆಲಸ ಬೆಂಗಳೂರಿನಲ್ಲಿ ನಡೆದಿದೆ. ಅದು ಬರುವುದು ಮುಂದಿನ ದಶಕದ ಮಾತು.

ಹೊಸ ವಿಕ್ರಾಂತ್‌ಗೆ ಬುನಾದಿ ಹಾಕಿದ್ದು 2009, ಸೇವೆಗೆ ಬಂದದ್ದು 2022, ಖರ್ಚು ಸುಮಾರು 20 ಸಾವಿರ ಕೋಟಿ. ಮೂರನೆಯದನ್ನು ಇವತ್ತು ಶುರು ಮಾಡಿದರೂ ಸಿಗುವುದು ಹತ್ತು ವರ್ಷದ ಮೇಲೆ. ದುಡ್ಡು ನನ್ನ ಕೈಯಲ್ಲಿದ್ದರೆ ಮೊದಲು ಇನ್ನೊಂದು ಆರು ಪಿ-8ಐ, ಇನ್ನೊಂದು 24 ಹೆಲಿಕಾಪ್ಟರ್, ನಿಕೋಬಾರ್ ಮತ್ತು ಲಕ್ಷದ್ವೀಪದ ರನ್‌ವೇ, ಆಮೇಲೆ ಇರುವ ಎರಡು ಡೆಕ್ ತುಂಬುವಷ್ಟು ವಿಮಾನ. ಮೂರನೇ ಹಡಗಿನ ವಿನ್ಯಾಸ ಮಾತ್ರ ಈಗಲೇ ಶುರುವಾಗಲಿ, ಕೊಚ್ಚಿಯ ಕೆಲಸಗಾರರ ಕೈ ಮರೆಯಬಾರದು. ಕಟ್ಟುವುದಾದರೆ ಕವಣೆ ಇರುವ ಹಡಗೇ ಕಟ್ಟಬೇಕು. ಮತ್ತೊಂದು ಇಳಿಜಾರು ಮೂತಿಯ ಹಡಗು ಕಟ್ಟಿದರೆ ಇನ್ನು 40 ವರ್ಷ ದೂರ ಕಾಣದ ಕಣ್ಣಲ್ಲೇ ಕಾಯಬೇಕು. ಇದಕ್ಕೆ ಒಪ್ಪದ ಹಿರಿಯರು ನೌಕಾಪಡೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಮಾತನ್ನೂ ಓದಿ.

ಇನ್ನು ತಂಗಿಯ ವಿಷಯ. ಅವಕಾಶ ಇದೆ. ಮೊದಲ ಮಹಿಳಾ ನೌಕಾ ಪೈಲಟ್ ಶಿವಾಂಗಿ 2019ರಲ್ಲೇ ಡಾರ್ನಿಯರ್ ಗಸ್ತು ವಿಮಾನ ಹಾರಿಸಲು ಅರ್ಹತೆ ಪಡೆದರು. 2025ರ ಜುಲೈಯಲ್ಲಿ ಆಸ್ಥಾ ಪೂನಿಯಾ ಯುದ್ಧವಿಮಾನ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆ ಆದರು. ಇಂಜಿನಿಯರಿಂಗ್ ಮುಗಿಸಿದವರಿಗೆ ಶಾರ್ಟ್ ಸರ್ವಿಸ್ (ನಿಗದಿತ ವರ್ಷಗಳ ಸೇವೆ) ಪೈಲಟ್ ದಾರಿ ಇದೆ. ಯಾವ ಬ್ರಾಂಚ್ ಆದರೂ ನಡೆಯುತ್ತದೆ, ಅಂಕ ಕಡಿಮೆ ಅಂದರೂ ಶೇ 60 ಇರಬೇಕು. ಸಂದರ್ಶನ ಐದು ದಿನ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಆಯ್ಕೆಯಾದರೆ ಕೇರಳದ ಏಳಿಮಲದ ಅಕಾಡೆಮಿ. ಹತ್ತನೇ, ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೂ ನೋಡುತ್ತಾರೆ, ಅಂಕಪಟ್ಟಿ ತೆಗೆದಿಡಲಿ.

ಎರಡು ಎಚ್ಚರಿಕೆ. ಪೈಲಟ್ ಯೋಗ್ಯತೆಯ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಜೀವನದಲ್ಲಿ ಮತ್ತೆ ಅದಕ್ಕೆ ಕೂರಲು ಬಿಡುವುದಿಲ್ಲ. ಅದರಲ್ಲಿ ಕೈ, ಕಾಲು, ಕಣ್ಣು ಒಟ್ಟಿಗೆ ಓಡಬೇಕು, ಗಡಿಯಾರದಂಥ ಮುಳ್ಳುಗಳನ್ನು ಬೇಗ ಓದಬೇಕು. ಸುಮ್ನೆ ನೋಡೋಣ ಅಂತ ತಯಾರಿ ಇಲ್ಲದೆ ಹೋಗಬಾರದು. ಎರಡನೆಯದು ವೈದ್ಯಕೀಯ ಪರೀಕ್ಷೆ. ಓದಿ, ಪಾಸಾಗಿ, ಕೊನೆಗೆ ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಹೊರಬಿದ್ದ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಬಣ್ಣದ ತೊಂದರೆ ಇದ್ದರೆ ಅದಕ್ಕೆ ಚಿಕಿತ್ಸೆ ಇಲ್ಲ. ಈ ವಾರವೇ ಬೀದರ್‌ನಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ದೂರದ ನೋಟ, ಬಣ್ಣದ ನೋಟ ಎರಡೂ ನೋಡಿಸಿ. ಹತ್ತು ನಿಮಿಷದ ಕೆಲಸ.